ಹಾಸನದ ವಕೀಲರ ಕಚೇರಿ ಮುಖಪುಟ: ನೋಡಿದವರು ಫೋನ್ ಮಾಡುತ್ತಿಲ್ಲ ಅಂದರೆ

ನಿಮ್ಮ ಕಚೇರಿ ವೆಬ್‌ಸೈಟಿನ ಮುಖಪುಟವನ್ನು ಜನ ನೋಡುತ್ತಾರೆ, ಆದರೆ ಫೋನ್ ಮಾಡುವುದಿಲ್ಲ ಎಂದಿರಿ. ಅದಕ್ಕೆ ಬಹುಶಃ ಕಾರಣ ಪುಟದ ಮೇಲ್ಭಾಗವನ್ನೆಲ್ಲ ತುಂಬಿರುವ ದೊಡ್ಡ ತಕ್ಕಡಿ ಚಿತ್ರ. ಸಕಲೇಶಪುರದಿಂದ ಮೊಬೈಲಿನಲ್ಲಿ ತೆರೆದವರಿಗೆ ತಮ್ಮ ಕೆಲಸ ನಿಮ್ಮಲ್ಲಿ ಆಗುತ್ತದೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ.

ಮೊದಲು ಚಿತ್ರ ತೆಗೆದು ನೀವು ನಡೆಸುವ ಪ್ರಕರಣಗಳನ್ನು ಜನರ ಮಾತಿನಲ್ಲೇ ಬರೆಯಿರಿ: ಆಸ್ತಿ ಪಾಲು, ಪೋಡಿ (ಜಮೀನಿನ ಸರ್ವೆ ನಂಬರ್ ಭಾಗ ಮಾಡುವ) ತಕರಾರು, ಚೆಕ್ ಬೌನ್ಸ್, ಜೀವನಾಂಶ. ‘ಸಿವಿಲ್ ಲಿಟಿಗೇಶನ್’ ಅಂದರೆ ಕಾಫಿ ತೋಟದ ಬೇಲಿ ಜಗಳ ಹೊತ್ತು ಬಂದವರಿಗೆ ಏನೂ ಹೊಳೆಯುವುದಿಲ್ಲ. ನಮ್ಮ ಕಚೇರಿ ಪುಟದಲ್ಲಿ ಆ ಪದ ತೆಗೆದು ‘ಜಮೀನು ಒತ್ತುವರಿ’ ಎಂದು ಹಾಕಿದ ಮೇಲೆಯೇ ಕರೆಗಳು ಬರತೊಡಗಿದ್ದು.

ಅದರ ಕೆಳಗೇ ಒತ್ತಿದರೆ ಕರೆ ಹೋಗುವ ನಂಬರ್, ಆಮೇಲೆ ವಿಳಾಸ. ಕೋರ್ಟಿನಿಂದ ಯಾವ ಕಡೆ, ಎಷ್ಟನೇ ಮಹಡಿ ಎಂಬುದೂ ಇರಲಿ.

ಒಂದು ಎಚ್ಚರ. ವಕೀಲರು ಜಾಹೀರಾತು ಕೊಡುವಂತಿಲ್ಲ ಎನ್ನುವ ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಿಯಮ 36ಕ್ಕೆ 2008ರಲ್ಲಿ ಆದ ತಿದ್ದುಪಡಿ ವೆಬ್‌ಸೈಟಿಗೆ ಅವಕಾಶ ಕೊಟ್ಟಿರುವುದು ಹೆಸರು, ಸಂಪರ್ಕ, ನೋಂದಣಿ ವಿವರ, ವಿದ್ಯಾರ್ಹತೆ, ವೃತ್ತಿ ಕ್ಷೇತ್ರದಂಥ ಮಾಹಿತಿಗೆ ಮಾತ್ರ. ‘ಗೆದ್ದ ಕೇಸುಗಳು’, ಕಕ್ಷಿದಾರರ ಹೊಗಳಿಕೆ ಹಾಕಿದ್ದರೆ ಇವತ್ತೇ ತೆಗೆಯಿರಿ, ನೋಟಿಸ್ ಬರುವವರೆಗೆ ಕಾಯಬೇಡಿ.

ಕೊನೆಗೆ, ಕಚೇರಿಗೆ ಹೊಸಬರಾದ ಯಾರ ಕೈಗಾದರೂ ಮೊಬೈಲ್ ಕೊಟ್ಟು ನಂಬರ್ ಹುಡುಕಲು ಹೇಳಿ. ಹತ್ತು ಸೆಕೆಂಡಿನಲ್ಲಿ ಸಿಗದಿದ್ದರೆ ಇನ್ನೂ ಮೇಲಕ್ಕೆ ತನ್ನಿ.