ಹಳೆಯ ರಿಸೀವರ್ ಇಟ್ಟುಕೊಂಡು 4ಕೆ ಪ್ರೊಜೆಕ್ಟರ್ ಹಾಕಬಹುದೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಕೋಣೆಯನ್ನು (12 ಅಡಿ ಅಗಲ, 16 ಅಡಿ ಉದ್ದ) ಸಿನಿಮಾಕ್ಕೆಂದೇ ಇಟ್ಟುಕೊಂಡಿದ್ದೇವೆ. 100 ಇಂಚಿನ ಪರದೆ, ಹಳೆಯ ಲ್ಯಾಂಪ್ ಪ್ರೊಜೆಕ್ಟರ್, 2013ರ 5.1 ರಿಸೀವರ್ (ಆರು ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಆಂಪ್ಲಿಫೈಯರ್) ಇವೆ. 10 ಮೀಟರ್ ಎಚ್‌ಡಿಎಂಐ ಕೇಬಲ್ ಗೋಡೆಯೊಳಗಿದೆ. ಈಗ 4ಕೆ ಲೇಸರ್ ಪ್ರೊಜೆಕ್ಟರ್, ಹೊಸ ಮೀಡಿಯಾ ಪ್ಲೇಯರ್ ಕೊಳ್ಳಬೇಕೆಂದಿದ್ದೇವೆ. ರಿಸೀವರ್ ಬದಲಿಸಲೇಬೇಕೆ? ಎಷ್ಟು ಲ್ಯೂಮೆನ್ಸ್ (ಬೆಳಕಿನ ಪ್ರಮಾಣ) ಬೇಕು? ನಮ್ಮ ಬೇಸಿಗೆಯನ್ನು ಯಂತ್ರ ತಡೆದೀತೆ?

ಉತ್ತರ: ರಿಸೀವರ್ ಸದ್ಯಕ್ಕೆ ಇರಲಿ, ಕೇಬಲ್ ಬದಲಿಸಿ. ಕಾರಣ ಹೇಳುತ್ತೇವೆ.

2013ರ ರಿಸೀವರ್‌ಗಳಲ್ಲಿ ಇರುವುದು ಎಚ್‌ಡಿಎಂಐ 1.4. ಓಟಿಟಿಯ 4ಕೆ ಚಿತ್ರಕ್ಕೆ ಬೇಕಾದ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆ ಅವುಗಳಲ್ಲಿಲ್ಲ. ಪ್ಲೇಯರ್‌ನಿಂದ ಪರದೆಯವರೆಗೆ ನಡುವೆ ಬರುವ ಪ್ರತಿಯೊಂದು ಯಂತ್ರವೂ ಅದನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ಪ್ಲೇಯರ್ 1080ಪಿಗೆ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಹಾಗಾಗಿ ಚಿತ್ರವನ್ನು ರಿಸೀವರ್ ಮೂಲಕ ಕಳಿಸಬೇಡಿ. ಪ್ಲೇಯರ್ ಪಕ್ಕದಲ್ಲೇ ಎಚ್‌ಡಿಎಂಐ ಆಡಿಯೊ ಎಕ್ಸ್‌ಟ್ರಾಕ್ಟರ್ ಎಂಬ ಪುಟ್ಟ ಡಬ್ಬಿ ಹಾಕಿ. 18 ಜಿಬಿಪಿಎಸ್ (ದತ್ತಾಂಶ ಹರಿಯುವ ವೇಗ) ಮತ್ತು ಎಚ್‌ಡಿಸಿಪಿ 2.2 ಎಂದು ನಮೂದಿಸಿದ್ದನ್ನೇ ಕೇಳಿ ತನ್ನಿ. ಚಿತ್ರ ಅದರಿಂದ ನೇರ ಪ್ರೊಜೆಕ್ಟರ್‌ಗೆ, ಧ್ವನಿ ಆಪ್ಟಿಕಲ್ ಕೇಬಲ್‌ನಲ್ಲಿ ರಿಸೀವರ್‌ಗೆ ಹೋಗುತ್ತದೆ.

ಈ ಡಬ್ಬಿಯ ಮಗ್ಗುಲಲ್ಲಿ ಸಾಮಾನ್ಯವಾಗಿ ಮೂರು ಸ್ಥಾನಗಳ ಸಣ್ಣ ಸ್ವಿಚ್ ಇರುತ್ತದೆ: ಪಾಸ್, 2 ಚಾನೆಲ್, 5.1. ಅದನ್ನು 5.1ಕ್ಕೆ ಸರಿಸಿ. ಪಾಸ್‌ನಲ್ಲೇ ಬಿಟ್ಟರೆ ಪ್ಲೇಯರ್ ಪ್ರೊಜೆಕ್ಟರ್‌ನ ಪುಟ್ಟ ಸ್ಪೀಕರನ್ನೇ ನೋಡಿ ಬರೀ ಸ್ಟೀರಿಯೊ ಕಳಿಸುತ್ತದೆ. ಹಿಂದಿನ ಸ್ಪೀಕರ್‌ಗಳು ಸುಮ್ಮನಿರುತ್ತವೆ, ಜನ ರಿಸೀವರ್ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುತ್ತಾರೆ. ಪ್ಲೇಯರ್‌ನಲ್ಲಿ ಧ್ವನಿಯನ್ನು ಡಾಲ್ಬಿ ಡಿಜಿಟಲ್‌ಗೆ ಇಡಿ, ಡಾಲ್ಬಿ ಡಿಜಿಟಲ್ ಪ್ಲಸ್ ಆಪ್ಟಿಕಲ್‌ನಲ್ಲಿ ಹಾಯುವುದಿಲ್ಲ. ಟ್ರೂಎಚ್‌ಡಿ, ಅಟ್ಮಾಸ್ ಎಂಬ ಇನ್ನೂ ಭಾರದ ಧ್ವನಿ ರೂಪಗಳೂ ಹಾಯವು. ಅಟ್ಮಾಸ್ ನಿಮ್ಮ ರಿಸೀವರ್‌ನಲ್ಲಿ ಹೇಗೂ ಇಲ್ಲ, ಆದ್ದರಿಂದ ಕಳೆದುಕೊಳ್ಳುವುದು ಕಡಿಮೆ.

ಇನ್ನು ಗೋಡೆಯೊಳಗಿನ ಕೇಬಲ್. ಅಷ್ಟುದ್ದದ ಹಳೆಯ ತಾಮ್ರದ ಕೇಬಲ್ ಮೋಸ ಮಾಡುವ ಬಗೆಯೇ ಬೇರೆ. ಸೆಕೆಂಡಿಗೆ 24 ಚೌಕಟ್ಟಿನ 4ಕೆ ಸಿನಿಮಾಕ್ಕೆ ಸುಮಾರು 9 ಜಿಬಿಪಿಎಸ್ ಸಾಕು, ಅದು ಚೆನ್ನಾಗಿಯೇ ಓಡುತ್ತದೆ. 60 ಚೌಕಟ್ಟಿನ ಮೆನುಗೆ, ಕ್ರಿಕೆಟ್‌ಗೆ ಬಂದಾಗ ಬೇಡಿಕೆ 18ಕ್ಕೆ ಏರಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಒಂದೆರಡು ಸೆಕೆಂಡ್ ಮಾಯವಾಗುತ್ತದೆ. ಬೆಳಕಿನ ಮೂಲಕ ಸಂಕೇತ ಸಾಗಿಸುವ ಆಕ್ಟಿವ್ ಆಪ್ಟಿಕಲ್ ಎಚ್‌ಡಿಎಂಐ ಹಾಕಿ. ಇದಕ್ಕೆ ದಿಕ್ಕಿದೆ: 'ಸೋರ್ಸ್' ತುದಿ ಪ್ಲೇಯರ್ ಕಡೆಗೆ, 'ಡಿಸ್‌ಪ್ಲೇ' ತುದಿ ಪ್ರೊಜೆಕ್ಟರ್ ಕಡೆಗೆ. ತಿರುವುಮುರುವಾದರೆ ಏನೂ ಬರುವುದಿಲ್ಲ. ಪೈಪಿನೊಳಗೆ ಎಳೆಯುವ ಮುಂಚೆ ನೆಲದ ಮೇಲೆ ಹಾಸಿಯೇ ಒಂದು ಸಂಜೆ ಪೂರ್ತಿ ಓಡಿಸಿ ನೋಡಿ. 25 ಮಿಮೀ ಪೈಪಿನ ತಿರುವಿನಲ್ಲಿ ಕೇಬಲ್ ತಲೆ ಸಿಕ್ಕಿಬೀಳುತ್ತದೆ, ತಲೆ ಹಿಡಿದು ಜಗ್ಗಿದರೆ ಒಳಗಿನ ಗಾಜಿನ ಎಳೆ ತುಂಡಾಗುತ್ತದೆ. ಬಿಚ್ಚಿ ಹಾಕುವ ತಲೆಯಿರುವ ಕೇಬಲ್ ಸಿಗುತ್ತದೆ, ಅದನ್ನು ತನ್ನಿ.

ಪ್ರೊಜೆಕ್ಟರ್ ಲೆಕ್ಕ ಸುಲಭ. 100 ಇಂಚಿನ 16:9 ಪರದೆಯ ಅಗಲ ಸುಮಾರು 7.25 ಅಡಿ, ವಿಸ್ತೀರ್ಣ 30 ಚದರ ಅಡಿ. ಕತ್ತಲ ಕೋಣೆಯಲ್ಲಿ ಚಿತ್ರಮಂದಿರದ ಮಟ್ಟದ ಬೆಳಕಿಗೆ ಚದರ ಅಡಿಗೆ 16 ಲ್ಯೂಮೆನ್ಸ್, ಅಂದರೆ ಪರದೆ ಮೇಲೆ 480 ಬಿದ್ದರೆ ಸಾಕು. ಸಿನಿಮಾ ಮೋಡ್‌ನಲ್ಲಿ ಬೆಳಕು ಇಳಿಯುತ್ತದೆ, ಕಪ್ಪು-ಬೆಳಕಿನ ಅಂತರ ಹಿಗ್ಗಿಸಿ ತೋರಿಸುವ ಎಚ್‌ಡಿಆರ್ ಚಿತ್ರ ಹೆಚ್ಚು ಕೇಳುತ್ತದೆ. ಇವನ್ನೆಲ್ಲ ಸೇರಿಸಿದರೂ ನಿಜವಾದ 2000 ಆನ್ಸಿ (ಬೆಳಕು ಅಳೆಯುವ ಒಪ್ಪಿತ ಮಾನದಂಡ) ಲ್ಯೂಮೆನ್ಸ್ ಧಾರಾಳ. 'ಆನ್ಸಿ' ಅಥವಾ 'ಐಎಸ್‌ಒ' ಎಂದಿಲ್ಲದೆ ಬರೀ 9000 ಲ್ಯೂಮೆನ್ಸ್ ಎಂದು ಮುದ್ರಿಸಿದ್ದನ್ನು ನಂಬಬೇಡಿ. ಲೆನ್ಸ್‌ನಿಂದ ಪರದೆಗಿರುವ ದೂರವನ್ನು ಅಗಲದಿಂದ ಭಾಗಿಸಿ: ಹಳೆಯ ಬ್ರಾಕೆಟ್ 10 ಅಡಿ ದೂರದಲ್ಲಿದ್ದರೆ 1.38. ಈ ಥ್ರೋ ಅನುಪಾತ ಒಳಗೊಂಡ ಮಾದರಿಯನ್ನೇ ಆರಿಸಿದರೆ ಬ್ರಾಕೆಟ್ ಕೀಳಬೇಕಿಲ್ಲ. ಚಿತ್ರ ಓರೆಯಾದರೆ ಕೀಸ್ಟೋನ್ (ಓರೆಯನ್ನು ಸಾಫ್ಟ್‌ವೇರ್‌ನಲ್ಲೇ ತಿದ್ದುವ ಗುಂಡಿ) ಒತ್ತಬೇಡಿ, ಅದು 4ಕೆಯ ಸೂಕ್ಷ್ಮತೆಯನ್ನೇ ತಿನ್ನುತ್ತದೆ. ಯಂತ್ರವನ್ನೇ ಸರಿಸಿ ನೇರ ಮಾಡಿ.

ಪ್ಲೇಯರ್ ಕೊಳ್ಳುವಾಗ ವೈಡ್‌ವೈನ್ ಎಲ್1 (ಓಟಿಟಿ ಚಿತ್ರದ ನಕಲು ತಡೆಯುವ ಮೇಲಿನ ಹಂತ) ಇದೆಯೇ ಎಂದು ಕೇಳಿ. ಎಲ್3 ಮಾತ್ರ ಇರುವ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ನಲ್ಲಿ ನೆಟ್‌ಫ್ಲಿಕ್ಸ್ 480ಪಿಗೇ ನಿಲ್ಲುತ್ತದೆ. 'ಮ್ಯಾಚ್ ಫ್ರೇಮ್ ರೇಟ್' ಆನ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಅಡ್ಡ ಸರಿಯುವಾಗ ಚಿತ್ರ ತಡವರಿಸುತ್ತದೆ. ಹಾರ್ಡ್‌ಡಿಸ್ಕ್ ಎಕ್ಸ್‌ಫ್ಯಾಟ್‌ನಲ್ಲಿರಲಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ.

ಬಿಸಿಲೇ ನಿಮ್ಮೂರಿನ ದೊಡ್ಡ ಪರೀಕ್ಷೆ. ಪ್ರೊಜೆಕ್ಟರ್‌ಗಳ ಮಿತಿ ಹೆಚ್ಚಾಗಿ 35 ಅಥವಾ 40 ಡಿಗ್ರಿ, ಏಪ್ರಿಲ್-ಮೇನಲ್ಲಿ ಹೊರಗೇ 40 ದಾಟುತ್ತದೆ. ಕಾದ ಗಾಳಿ ಮೇಲೇರುವುದರಿಂದ ಮಹಡಿ ಕೋಣೆಯ ಚಾವಣಿಯಡಿ ಇನ್ನೂ ಜಾಸ್ತಿ. ಸಿನಿಮಾಕ್ಕೆ ಅರ್ಧ ಗಂಟೆ ಮೊದಲೇ ಎಸಿ ಹಾಕಿ, ಗಾಳಿಕಂಡಿಗಳ ಸುತ್ತ ಒಂದಡಿ ಜಾಗ ಬಿಡಿ. ಸ್ಟಿಕ್ ಪ್ಲೇಯರನ್ನು ಪ್ರೊಜೆಕ್ಟರ್ ಬಿಸಿಗಾಳಿ ಬಿಡುವ ಕಡೆ ಸಿಕ್ಕಿಸಬೇಡಿ. ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಹಾರಿಬರುವ ಓಣಿಯಾದರೆ ಫಿಲ್ಟರನ್ನು 100 ಗಂಟೆಗೊಮ್ಮೆ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಬೆಳಕಿನ ಭಾಗ ಪೂರ್ತಿ ಮುಚ್ಚಿರುವ ಲೇಸರ್ ಡಿಎಲ್‌ಪಿಯೇ (ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಬಗೆ) ಇಲ್ಲಿಗೆ ಸೂಕ್ತ. ಕರೆಂಟು ಹೋಗಿಬರುವ ಮನೆಗೆ ಪ್ಯೂರ್ ಸೈನ್ ವೇವ್ ಯುಪಿಎಸ್, 1 ಕೆವಿಎ ಸಾಕು.

ಪ್ರಶ್ನೆ: ರಾಯಚೂರಿನಲ್ಲಿದ್ದೇವೆ. ನಮ್ಮ 3ಎಲ್‌ಸಿಡಿ (ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪ್ಯಾನೆಲ್ ಇರುವ) ಪ್ರೊಜೆಕ್ಟರ್‌ನಲ್ಲಿ ಕತ್ತಲ ದೃಶ್ಯ ಬಂದಾಗ ಹಸಿರು ಮಬ್ಬು ಚುಕ್ಕೆ ಕಾಣುತ್ತದೆ. ಪರದೆ ಒರೆಸಿದರೂ ಹೋಗಲಿಲ್ಲ.

ಉತ್ತರ: ಒಳಗಿನ ಹಸಿರು ಪ್ಯಾನೆಲ್ ಬಳಿ ದೂಳಿನ ಕಣ ಕೂತಿದೆ. ಕಪ್ಪು ಚಿತ್ರವೊಂದನ್ನು ಹಾಕಿ ಫೋಕಸ್ ನಿಧಾನಕ್ಕೆ ತಿರುಗಿಸಿ. ಚಿತ್ರ ಮಸುಕಾಗುತ್ತಾ ಚುಕ್ಕೆ ಮಾತ್ರ ಚೂಪಾದರೆ ಅದೇ ಖಾತ್ರಿ. ಮನೆಯಲ್ಲಿ ಬಿಚ್ಚಬೇಡಿ, ಬ್ಲೋವರ್ ಹಿಡಿದು ಕಂಡಿಯೊಳಗೆ ಊದಲೂ ಬೇಡಿ, ಕಣ ಇನ್ನಷ್ಟು ಒಳಗೆ ಸೇರುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ 'ಆಪ್ಟಿಕಲ್ ಬ್ಲಾಕ್ ಕ್ಲೀನಿಂಗ್' ಎಂದೇ ಹೇಳಿ ಕೊಡಿ, ಬರುವಾಗ ಹೊಸ ಫಿಲ್ಟರ್ ಹಾಕಿಸಿಕೊಳ್ಳಿ.