ಮೊದಲ ಭಾಷೆ ಯಾವುದಿರಲಿ?

ಪ್ರಶ್ನೆ: ನಾನು ಓದಿದ್ದು ವಾಣಿಜ್ಯ, ಪ್ರೋಗ್ರಾಮಿಂಗ್‌ನ ಗಂಧಗಾಳಿಯೂ ಇಲ್ಲ. ವೆಬ್‌ಸೈಟ್ ಕಟ್ಟುವುದನ್ನು ಕಲಿಯಬೇಕೆಂದು ಮೂರು ತಿಂಗಳಿನಿಂದ ವಿಡಿಯೊ ಪಾಠಗಳನ್ನು ನೋಡುತ್ತಿದ್ದೇನೆ. ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಸ್ವಂತವಾಗಿ ಬರೆಯಲು ಕುಳಿತರೆ ಒಂದು ಸಾಲೂ ಹೊಳೆಯುವುದಿಲ್ಲ. ಪಿಎಚ್‌ಪಿ ಸುಲಭ ಎಂದು ಕೆಲವರು, ಜಾವಾಸ್ಕ್ರಿಪ್ಟ್ ಬಿಟ್ಟರೆ ಗತಿಯಿಲ್ಲ ಎಂದು ಕೆಲವರು ಹೇಳುತ್ತಾರೆ. ಯಾವುದರಿಂದ ಆರಂಭಿಸಲಿ?

ಉತ್ತರ: ಜಾವಾಸ್ಕ್ರಿಪ್ಟ್‌ನಿಂದ ಆರಂಭಿಸಿ. ಅದು ಪಿಎಚ್‌ಪಿಗಿಂತ ಮೇಲು ಎಂದಲ್ಲ. ಅದನ್ನು ಓಡಿಸಲು ಬೇಕಾದ ಬ್ರೌಸರ್ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ ಎಂಬ ಕಾರಣಕ್ಕೆ.

ಎರಡೂ ಭಾಷೆಗಳು ಹೊರಬಂದದ್ದು 1995ರಲ್ಲಿ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಅದು ಪುಟವನ್ನು ನೋಡುತ್ತಿರುವವರ ಬ್ರೌಸರಿನೊಳಗೆ ಓಡುವುದಕ್ಕಾಗಿ ಹುಟ್ಟಿದ ಭಾಷೆ. ರಾಸ್ಮಸ್ ಲೆರ್ಡಾರ್ಫ್ ಅವರು ತಮ್ಮ ಸ್ವಂತ ಪುಟದ ಅನುಕೂಲಕ್ಕೆಂದು ಬರೆದುಕೊಂಡ ಪಿಎಚ್‌ಪಿ ಓಡುವುದು ಪುಟವನ್ನು ಕಳುಹಿಸಿಕೊಡುವ ಸರ್ವರಿನಲ್ಲಿ. ಬರೆದ ಕೋಡ್ ಯಾವ ಕಡೆ ಓಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಯಾವ ಭಾಷೆ ದೊಡ್ಡದು ಎಂಬ ಜಗಳದ ಮುಕ್ಕಾಲು ಪಾಲು ಅಲ್ಲಿಯೇ ಮುಗಿಯುತ್ತದೆ. ಗುಂಡಿ ಒತ್ತಿದಾಗ ಬಣ್ಣ ಬದಲಾಗಬೇಕಾದರೆ ಅದು ಬ್ರೌಸರಿನ ಕೆಲಸ. ಗುಪ್ತಪದ ಸರಿಯೇ ಎಂದು ಪರೀಕ್ಷಿಸಬೇಕಾದರೆ ಅದು ಸರ್ವರಿನ ಕೆಲಸ. ಜಾವಾಸ್ಕ್ರಿಪ್ಟ್ ಕೂಡ 2009ರಲ್ಲಿ ಅದನ್ನು ಬ್ರೌಸರಿನ ಹೊರಗೂ ಓಡಿಸುವ ನೋಡ್ ಎಂಬ ತಂತ್ರಾಂಶ ಬಂದ ಮೇಲೆ ಸರ್ವರಿನಲ್ಲಿ ನೆಲೆಯೂರಿದೆಯಾದರೂ, ಅದು ನಿಮಗೆ ಈಗಲೇ ಬೇಡ. ಇನ್ನೊಂದು ಮಾತು: ಹೆಸರಿನಲ್ಲಿ ಜಾವಾ ಇದೆಯೆಂದು ಜಾವಾ ಪುಸ್ತಕ ತಂದುಕೊಳ್ಳಬೇಡಿ. ಅದು ಬೇರೆಯೇ ಭಾಷೆ.

ನಿಮ್ಮ ನಿಜವಾದ ತೊಡಕು ಭಾಷೆಯ ಆಯ್ಕೆಯಲ್ಲಿಲ್ಲ, ವಿಡಿಯೊದಲ್ಲಿದೆ. ಪಾಠ ಮಾಡುವವರು ತಾವು ತಪ್ಪು ಬರೆದು, ತಲೆ ಕೆರೆದುಕೊಂಡು, ತಿದ್ದಿಕೊಂಡ ಭಾಗವನ್ನು ಸಾಮಾನ್ಯವಾಗಿ ಕತ್ತರಿಸಿ ಹಾಕಿರುತ್ತಾರೆ. ಕಲಿಕೆ ನಡೆಯುವುದು ಆ ಕತ್ತರಿಸಿದ ಭಾಗದಲ್ಲಿಯೇ. ಒಂದು ಸಣ್ಣ ಕೆಲಸವನ್ನು ಕೈಯಾರೆ ಮಾಡಿ ನೋಡಿ. ಮೊದಲ ಒಂದೆರಡು ವಾರ ಎಚ್‌ಟಿಎಂಎಲ್ ಅಭ್ಯಾಸ ಮಾಡಿ, ಅಂದರೆ ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಖಾನೆ ಎಂದು ಗುರುತು ಹಾಕುವುದನ್ನಷ್ಟೇ ಕಲಿಯಿರಿ. ಆಮೇಲೆ ಎರಡು ಖಾನೆಗಳೂ ಒಂದು ಗುಂಡಿಯೂ ಇರುವ ಪುಟವೊಂದನ್ನು ಬರೆದು, ಗುಂಡಿ ಒತ್ತಿದಾಗ ಎರಡು ಖಾನೆಗಳ ಮೊತ್ತ ಕೆಳಗೆ ಕಾಣುವಂತೆ ಮಾಡಲು ಪ್ರಯತ್ನಿಸಿ.

5 ಮತ್ತು 3 ತುಂಬಿ ಗುಂಡಿ ಒತ್ತಿದರೆ ಮೊದಲ ಸಲ ನಿಮಗೆ 8ರ ಬದಲು 53 ಸಿಗುವ ಸಂಭವವೇ ಹೆಚ್ಚು. ಕಂಪ್ಯೂಟರಿಗೆ ಲೆಕ್ಕ ಬರುವುದಿಲ್ಲವೇ ಎಂದು ಗಾಬರಿಯಾಗಬೇಡಿ. ಖಾನೆಯಲ್ಲಿ ತುಂಬಿದ್ದೆಲ್ಲವೂ ಕೋಡ್‌ನ ಕೈಗೆ ಸಿಗುವುದು ಅಕ್ಷರಗಳ ಸಾಲಾಗಿ, ಸಂಖ್ಯೆಯಾಗಿ ಅಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ + ಚಿಹ್ನೆಗೆ ಎರಡು ಕೆಲಸ: ಸಂಖ್ಯೆಗಳಾದರೆ ಕೂಡುತ್ತದೆ, ಅಕ್ಷರಗಳಾದರೆ ಅಕ್ಕಪಕ್ಕದಲ್ಲಿ ಜೋಡಿಸುತ್ತದೆ. ಅದೇ ಜಾಗದಲ್ಲಿ - ಚಿಹ್ನೆ ಹಾಕಿ ನೋಡಿ, ಸರಿಯಾಗಿ 2 ಬರುತ್ತದೆ. ಕಳೆಯುವ ಚಿಹ್ನೆಗೆ ಎರಡನೆಯ ಅರ್ಥವಿಲ್ಲದ ಕಾರಣ ಅದು ಅಕ್ಷರಗಳನ್ನು ತಾನೇ ಸಂಖ್ಯೆಗಳನ್ನಾಗಿ ಮಾಡಿಕೊಳ್ಳುತ್ತದೆ. ಪಿಎಚ್‌ಪಿಯಲ್ಲಾದರೋ ಕೂಡಲು + ಚಿಹ್ನೆ, ಜೋಡಿಸಲು ಚುಕ್ಕಿ ಎಂದು ಪ್ರತ್ಯೇಕವಾಗಿಯೇ ಇರುವುದರಿಂದ ಅಲ್ಲಿ ಈ ಗೊಂದಲ ಬರುವುದಿಲ್ಲ. ಈಗ ಖಾನೆಯಲ್ಲಿ ತುಂಬಿದ್ದನ್ನು 'ನಂಬರ್' ಎಂಬ ಫಂಕ್ಷನ್‌ಗೆ, ಅಂದರೆ ಹೆಸರು ಹೇಳಿ ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡ್‌ನ ತುಣುಕಿಗೆ, ಕೊಟ್ಟು, ಸಂಖ್ಯೆಯಾಗಿಸಿಕೊಂಡು ಕೂಡಿ, 8 ಬರುತ್ತದೆ. ಅಷ್ಟಕ್ಕೇ ನಿಲ್ಲಿಸದೆ, ಖಾನೆಯಲ್ಲಿ ಕನ್ನಡದ ೫ ಅಂಕಿಯನ್ನು ತುಂಬಿ ನೋಡಿ. ಉತ್ತರದ ಜಾಗದಲ್ಲಿ 'ಸಂಖ್ಯೆಯಲ್ಲ' ಎಂಬುದರ ಸಂಕ್ಷೇಪವಾದ ಎನ್‌ಎಎನ್ ಕಾಣಿಸುತ್ತದೆ, ಏಕೆಂದರೆ ಆ ಫಂಕ್ಷನ್‌ಗೆ ಕನ್ನಡ ಅಂಕಿ ತಿಳಿಯದು. ನಿಮ್ಮ ಪುಟವನ್ನು ಬಳಸುವವರು ಏನನ್ನು ಬೇಕಾದರೂ ತುಂಬಬಹುದು ಎಂಬ ಎಚ್ಚರ ಹುಟ್ಟುವುದು ಹೀಗೆ.

ಗುಂಡಿ ಒತ್ತಿದರೂ ಏನೂ ಆಗದಿದ್ದರೆ, ಎಫ್12 ಕೀಲಿಯನ್ನು ಒತ್ತಿ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್ ಎಂಬ ಜಾಗವನ್ನು ತೆರೆಯಿರಿ. ಅಲ್ಲಿ ಕೆಂಪು ಸಾಲೊಂದು ಇರುತ್ತದೆ. ಅದರಲ್ಲಿ ತಪ್ಪಿನ ಬಗೆಯೂ ಸಾಲಿನ ಸಂಖ್ಯೆಯೂ ಇರುತ್ತವೆ. 'ಟೋಟಲ್ ಈಸ್ ನಾಟ್ ಡಿಫೈನ್ಡ್' ಎಂದಿದ್ದರೆ, ಆ ಹೆಸರಿನದು ಯಾವುದೂ ತನಗೆ ಸಿಕ್ಕಿಲ್ಲ ಎಂದರ್ಥ. ಬಹಳ ಸಲ ನೀವು ಒಂದು ಕಡೆ ದೊಡ್ಡ ಅಕ್ಷರದಲ್ಲಿಯೂ ಇನ್ನೊಂದು ಕಡೆ ಚಿಕ್ಕ ಅಕ್ಷರದಲ್ಲಿಯೂ ಹೆಸರನ್ನು ಬರೆದಿರುತ್ತೀರಿ, ಅಷ್ಟೇ. ಆರಂಭದಲ್ಲಿ ಆ ಸಂದೇಶವನ್ನು ಓದದೆಯೇ ಇಡೀ ಕೋಡನ್ನು ಅಳಿಸಿ ಮತ್ತೆ ಬರೆಯುವ ಚಾಳಿ ನನಗೂ ಇತ್ತು. ಅದರಿಂದ ಬೆರಳು ನೋಯಿತೇ ಹೊರತು ತಪ್ಪು ಸಿಗಲಿಲ್ಲ.

ಪ್ರಶ್ನೆ: ಪಿಎಚ್‌ಪಿ ಪಾಠದಲ್ಲಿದ್ದಂತೆಯೇ ಬರೆದು, ಕಡತವನ್ನು ಉಳಿಸಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ಫಲಿತಾಂಶದ ಬದಲು ನಾನು ಬರೆದ ಕೋಡೇ ಬ್ರೌಸರಿನಲ್ಲಿ ಕಾಣುತ್ತಿದೆ. ತಪ್ಪು ಎಲ್ಲಿದೆ?

ಉತ್ತರ: ಕೋಡ್‌ನಲ್ಲಿ ಇಲ್ಲ. ಬ್ರೌಸರಿಗೆ ಪಿಎಚ್‌ಪಿ ಬರುವುದಿಲ್ಲ; ಸರ್ವರ್ ಅದನ್ನು ಓಡಿಸಿ, ಫಲಿತಾಂಶವಾದ ಎಚ್‌ಟಿಎಂಎಲ್ ಅನ್ನು ಮಾತ್ರ ಬ್ರೌಸರಿಗೆ ಕಳುಹಿಸಬೇಕು. ನೀವು ಕಡತವನ್ನು ನೇರವಾಗಿ ತೆರೆದದ್ದರಿಂದ ನಡುವೆ ಸರ್ವರ್ ಬರಲೇ ಇಲ್ಲ. ಕಂಪ್ಯೂಟರಿನಲ್ಲಿ ಪಿಎಚ್‌ಪಿಯನ್ನು ಸ್ಥಾಪಿಸಿಕೊಂಡು ಅದರೊಂದಿಗೇ ಬರುವ ಪುಟ್ಟ ಸರ್ವರನ್ನು ಚಾಲೂ ಮಾಡಿ, ಅಥವಾ ಎಲ್ಲವನ್ನೂ ಒಟ್ಟಿಗೆ ಕೊಡುವ ಕ್ಸ್ಯಾಂಪ್‌ನಂತಹ ಕಟ್ಟನ್ನು ಹಾಕಿಕೊಂಡು ಅದು ಹೇಳುವ ಫೋಲ್ಡರಿನಲ್ಲಿ ಕಡತವನ್ನಿಡಿ. ಆಮೇಲೆ ಕಡತದ ಮೇಲೆ ಕ್ಲಿಕ್ ಮಾಡದೆ, ಬ್ರೌಸರಿನ ವಿಳಾಸಪಟ್ಟಿಯಲ್ಲಿ ನಿಮ್ಮದೇ ಕಂಪ್ಯೂಟರನ್ನು ಸೂಚಿಸುವ ಲೋಕಲ್‌ಹೋಸ್ಟ್ ಎಂಬ ವಿಳಾಸದ ಮೂಲಕವೇ ತೆರೆಯಿರಿ. ಆಗ ಪುಟದ ಮೂಲವನ್ನು ತೆರೆದು ನೋಡಿದರೂ ನಿಮ್ಮ ಪಿಎಚ್‌ಪಿಯ ಒಂದು ಸಾಲೂ ಸಿಗದು. ಡೇಟಾಬೇಸಿನ ಗುಪ್ತಪದದಂತಹವನ್ನು ಪಿಎಚ್‌ಪಿ ಕಡೆ ಇಡಬಹುದು, ಬ್ರೌಸರಿಗೆ ಹೋಗುವ ಜಾವಾಸ್ಕ್ರಿಪ್ಟ್‌ನಲ್ಲಿ ಇಡಬಾರದು ಎನ್ನುವುದು ಇದಕ್ಕಾಗಿಯೇ. ಅಂದ ಹಾಗೆ, ಪಿಎಚ್‌ಪಿಯಲ್ಲಿ ಸಾಲಿನ ಕೊನೆಯ ಅರ್ಧವಿರಾಮ ಮರೆತರೆ, ದೋಷಸಂದೇಶ ಸಾಮಾನ್ಯವಾಗಿ ಮುಂದಿನ ಸಾಲಿನ ಸಂಖ್ಯೆಯನ್ನು ತೋರಿಸುತ್ತದೆ. ಹಾಗಾಗಿ ತೋರಿಸಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಮೇಲಿನ ಸಾಲನ್ನು ನೋಡಿ.

ಪ್ರಶ್ನೆ: ಹಳೆಯ ಪುಸ್ತಕವೊಂದನ್ನು ನೋಡಿ ಡೇಟಾಬೇಸಿಗೆ ಸಂಪರ್ಕ ಕೊಡುವ ಕೋಡ್ ಬರೆದೆ. ಅಂತಹ ಫಂಕ್ಷನ್ನೇ ಇಲ್ಲ ಎಂದು ಪಿಎಚ್‌ಪಿ ಹೇಳುತ್ತಿದೆ. ಪುಸ್ತಕವೇ ತಪ್ಪೇ?

ಉತ್ತರ: ಬರೆದ ಕಾಲಕ್ಕೆ ಸರಿಯಾಗಿಯೇ ಇತ್ತು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹೆಸರಿನಿಂದಲೇ (mysql_ ಎಂದು) ಆರಂಭವಾಗುತ್ತಿದ್ದ ಹಳೆಯ ಫಂಕ್ಷನ್‌ಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಿಂದ ತೆಗೆದುಹಾಕಲಾಗಿದೆ. ಅವುಗಳ ಜಾಗದಲ್ಲಿ, ಡೇಟಾಬೇಸಿಗೆ ಸಂಪರ್ಕ ಕೊಡಲು ಪಿಎಚ್‌ಪಿಯಲ್ಲಿರುವ ಪಿಡಿಒ ಎಂಬ ಸೌಲಭ್ಯವನ್ನು ಬಳಸಿ. ಬಳಕೆದಾರರು ತುಂಬಿದ ಅಕ್ಷರಗಳನ್ನು ಡೇಟಾಬೇಸಿನ ಆದೇಶದೊಳಗೆ ನೇರವಾಗಿ ಜೋಡಿಸದೆ, ಆದೇಶವನ್ನೂ ಆ ಅಕ್ಷರಗಳನ್ನೂ ಬೇರೆಬೇರೆಯಾಗಿ ಕಳುಹಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂಬ ಕ್ರಮವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ನೇರವಾಗಿ ಜೋಡಿಸಿದರೆ, ಹೆಸರಿನ ಖಾನೆಯಲ್ಲಿ ಯಾರೋ ಬರೆದ ಕಿಡಿಗೇಡಿ ಸಾಲು ಆದೇಶವಾಗಿಯೇ ಓಡಬಹುದು. ಆ ಪುಸ್ತಕದಲ್ಲಿ ಷರತ್ತು, ಲೂಪ್, ಫಂಕ್ಷನ್‌ಗಳ ಬಗ್ಗೆ ಇರುವ ಅಧ್ಯಾಯಗಳು ಬಹುಮಟ್ಟಿಗೆ ಇಂದಿಗೂ ಸಲ್ಲುತ್ತವೆ; ಡೇಟಾಬೇಸಿನ ಅಧ್ಯಾಯಕ್ಕೆ ಮಾತ್ರ ಪಿಎಚ್‌ಪಿಯ ಅಧಿಕೃತ ಕೈಪಿಡಿಯನ್ನು ನೋಡಿಕೊಳ್ಳಿ.