ಗೊಬ್ಬರದ ಚೀಲದ ಮೇಲೆ ಮಣ್ಣು ಒಣಗಿಸಬೇಡಿ

ಅಣ್ಣಾ, ನಿಮ್ಮ ಫೋಟೋ ನೋಡಿ ಸುಮ್ನಿರೋಕೆ ಆಗಲಿಲ್ಲ. ಗೋವಾದ ವಾಳಪೈ ತೋಟದ ಮಣ್ಣು ಪರೀಕ್ಷೆಗೆ ಕಳಿಸ್ತೀನಿ, ಸುವರ್ಣಗಡ್ಡೆಗೆ ರಂಜಕ (ಫಾಸ್ಫರಸ್) ಹೆಚ್ಚಿರೋ ಡಿಎಪಿ ಗೊಬ್ಬರ ಎಷ್ಟು ಹಾಕಲಿ ಅಂತ ಕೇಳಿದ್ದೀರಿ. ಆದರೆ ಮಣ್ಣು ಹರವಿರೋದು ಖಾಲಿ ಡಿಎಪಿ ಚೀಲದ ಮೇಲೆ! ದಯವಿಟ್ಟು ಅದನ್ನು ಕಳಿಸಬೇಡಿ, ಚೆಲ್ಲಿಬಿಡಿ.

ಫೋಂಡಾ ಕಡೆ ಜಮೀನು ಮಾಡಿದ ಹೊಸತರಲ್ಲಿ ನಾನೂ ಇದನ್ನೇ ಮಾಡಿದ್ದೆ. ಚೀಲ ಚೆನ್ನಾಗಿ ಕೊಡವಿದ್ದೆ. ಆದರೆ ಹೊಲಿಗೆ ಸಂದಿಯಲ್ಲಿ ಗೊಬ್ಬರದ ನಾಲ್ಕು ಕಾಳು ಉಳಿದಿದ್ದವು, ರಾತ್ರಿ ಇಬ್ಬನಿಗೆ ಕರಗಿ ಮಣ್ಣಿಗೆ ಸೇರಿದವು. ರಿಪೋರ್ಟಿನಲ್ಲಿ ರಂಜಕ 'ಹೆಚ್ಚು' ಅಂತ ಬಂತು. ನಂಬಿಕೊಂಡು ಆ ವರ್ಷ ರಂಜಕ ಪೂರ್ತಿ ಬಿಟ್ಟೆ. ಡಿಸೆಂಬರಿನಲ್ಲಿ ಅಗೆದರೆ ಗಡ್ಡೆ ತೆಂಗಿನಕಾಯಿ ಗಾತ್ರಕ್ಕೇ ನಿಂತಿತ್ತು. ಮರುವರ್ಷ ಸರಿಯಾಗಿ ತೆಗೆದು ಕಳಿಸಿದೆ, ಅದೇ ಜಾಗ 'ಕಡಿಮೆ'. ಲೆಕ್ಕ ಹಾಕಿ ನೋಡಿ: ಅರ್ಧ ಕೆಜಿ ಮಣ್ಣಿಗೆ ಒಂದೇ ಒಂದು ಕಾಳು ಬಿದ್ದರೂ ಹೆಕ್ಟೇರಿಗೆ ಸುಮಾರು 20 ಕೆಜಿ ರಂಜಕ ಇದ್ದ ಲೆಕ್ಕ ಆಗುತ್ತೆ. 10ಕ್ಕಿಂತ ಕೆಳಗಿದ್ದರೆ ಕಡಿಮೆ, 25 ದಾಟಿದರೆ ಹೆಚ್ಚು ಅನ್ನೋ ಕಡೆ ಒಂದು ಕಾಳು ಸಾಕಲ್ವಾ?

ಹಳೆ ಪೇಪರ್ ಮೇಲೆ ನೆರಳಲ್ಲಿ ಒಣಗಿಸಿ. ಎಂಟು ಹತ್ತು ಕಡೆ ವಿ ಆಕಾರದಲ್ಲಿ 15 ಸೆಂಟಿಮೀಟರ್ ಅಗೆದು, ಬದಿಯ ಮಣ್ಣು ಕೆರೆದು ತೆಗೀರಿ. ಹೋದ ವರ್ಷದ ಗುಂಡಿ, ಬದು, ತಿಪ್ಪೆ ಪಕ್ಕ ಬೇಡವೇ ಬೇಡ. ಸತು ಲೇಪಿಸಿದ ತಗಡಿನ ಬಕೆಟ್ ಕೂಡ ಬೇಡ, ಸತುವಿನ ಲೆಕ್ಕ ಕೆಡುತ್ತೆ.

ಮಣ್ಣು ಲ್ಯಾಬಿಗೆ ಕೊಡುವಾಗ ರಂಜಕ ಅಳೆಯೋದು ಯಾವ ವಿಧಾನದಲ್ಲಿ ಅಂತ ಕೇಳಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ, ಇದಕ್ಕೆ ಬ್ರೇ ವಿಧಾನವೇ ಸರಿ. ಧಾರವಾಡದ ಎರೆ ಮಣ್ಣಿಗಾದರೆ ಓಲ್ಸೆನ್. ಆ ಕಡೆ ಊರಿನ ರಿಪೋರ್ಟ್ ಪಕ್ಕದಲ್ಲಿಟ್ಟು ಇಲ್ಲಿಯದನ್ನು ಹೋಲಿಸಬೇಡಿ. ಇನ್ನೊಂದು, ರಿಪೋರ್ಟಿನಲ್ಲಿರೋದು ರಂಜಕವೋ ಚೀಲದ ಮೇಲೆ ಬರೆಯುವ ಪಿ2ಒ5 ಲೆಕ್ಕವೋ ನೋಡಿ. ರಂಜಕವಾದರೆ 2.29ರಿಂದ ಗುಣಿಸಿದರೆ ಚೀಲದ ಲೆಕ್ಕಕ್ಕೆ ಬರುತ್ತೆ.

'ಕಡಿಮೆ' ಬಂದರೂ ವರ್ಷವರ್ಷ ಡಿಎಪಿ ಸುರಿಯೋದು ಬಿಡಿ ಅಣ್ಣಾ. ಈ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೇಲೆ ಎರಚಿದ್ದು ಬೇರಿಗೆ ಇಳಿಯೋದೇ ಇಲ್ಲ. ನಾಟಿ ದಿನವೇ ಗುಂಡಿಯ ತಳದ ಮಣ್ಣಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಬೇಕು. ನನಗೆ ಕೈ ಹಿಡಿದಿದ್ದು ಸೂಪರ್ ಫಾಸ್ಫೇಟ್. ಚೀಲದ ಲೆಕ್ಕದಲ್ಲಿ ಪಿ2ಒ5 16 ಪರ್ಸೆಂಟೇ ಇದ್ದರೂ ಜೊತೆಗೆ ಗಂಧಕ, ಕ್ಯಾಲ್ಸಿಯಂ ಸಿಗುತ್ತೆ. ಡಿಎಪಿ ಇಫ್ಕೋದಾಗಲಿ ಬೇರೆಯವರದಾಗಲಿ, ಚೀಲದ ಮೇಲೆ 18:46 (ಸಾರಜನಕ 18, ಪಿ2ಒ5 46 ಪರ್ಸೆಂಟ್) ಇದ್ದರೆ ಪೋಷಕಾಂಶ ಅಷ್ಟೇ, ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಮರಗೆಣಸಿನ ಎಳೆ ಎಲೆ ಬಿಳಚಿಕೊಂಡಿತ್ತು ಅಂದಿದ್ದಿರಿ. ಅದಕ್ಕೂ ಡಿಎಪಿ ಹಾಕಿದಿರಾ? ರಂಜಕದ ಕೊರತೆಗೆ ಎಳೆ ಎಲೆ ಬಿಳಚಿಕೊಳ್ಳಲ್ಲ, ಗಿಡ ಗಿಡ್ಡಗೆ ನಿಲ್ಲುತ್ತೆ. ಅದು ಸತುವಿನ ಕೊರತೆ ಇರಬಹುದು, ರಂಜಕ ಹೆಚ್ಚಿದಷ್ಟೂ ಅದು ಜೋರಾಗುತ್ತೆ. ಸತುವಿನ ಪರೀಕ್ಷೆಯನ್ನೂ ಬರೆಸಿ. ಕೊರತೆ ಇದ್ದರೆ ಜಿಂಕ್ ಸಲ್ಫೇಟ್ ಬೇರೆ ದಿನ ಕೊಡಿ, ಡಿಎಪಿ ಜೊತೆ ಬೆರೆಸಬೇಡಿ. ಗಡ್ಡೆ ತುಂಬೋಕೆ ಪೊಟ್ಯಾಷ್ ರಂಜಕಕ್ಕಿಂತ ಜಾಸ್ತಿ ಬೇಕು, ಅದನ್ನು ಎರಡು ಕಂತಲ್ಲಿ ಕೊಡಿ.

ಸುಣ್ಣ ಹಾಕೋ ಯೋಚನೆ ಇದ್ದರೆ ಆ ವರ್ಷ ರಾಕ್ ಫಾಸ್ಫೇಟ್ ಬೇಡ, ಅದು ಕರಗೋಕೆ ಮಣ್ಣಿನ ಹುಳಿಯೇ ಬೇಕು. ಏಪ್ರಿಲ್ ನಾಟಿಗೆ ರಿಪೋರ್ಟ್ ಕೈಗೆ ಸಿಗೋ ಹಾಗೆ ಹೊಸ ಮಣ್ಣು ಈ ವಾರವೇ ತೆಗೀರಿ. ಬಂದ ಮೇಲೆ ಫೋಟೋ ಹಾಕಿ, ಗುಂಡಿಗೆ ಎಷ್ಟು ಅಂತ ಇಲ್ಲೇ ಕೂತು ಲೆಕ್ಕ ಮಾಡೋಣ.